ಅಪ್ರೆಂಟಿಸ್‌ಶಿಪ್ ಪೋರ್ಟಲ್ ವಿಮರ್ಶೆ: ಕಾಯ್ದೆ ಗಟ್ಟಿ, ಬಾಗಿಲು ಬಿಗಿ

ಪೀಣ್ಯದ ಒಳರಸ್ತೆಗಳಲ್ಲಿ ನಡೆದರೆ ಒಂದಿಲ್ಲೊಂದು ಗೇಟಿನ ಮೇಲೆ ‘ಸಿಎನ್‌ಸಿ ಆಪರೇಟರ್ ಬೇಕಾಗಿದ್ದಾರೆ, ಐಟಿಐ ಫ್ರೆಶರ್ಸ್ ಬರಬಹುದು’ ಎಂಬ ಬೋರ್ಡು ನೇತಾಡುತ್ತಲೇ ಇರುತ್ತದೆ. ಅತ್ತ ಕೊಪ್ಪಳದಲ್ಲೋ ಚಳ್ಳಕೆರೆಯಲ್ಲೋ ಫಿಟ್ಟರ್ ಟ್ರೇಡ್ ಪಾಸಾದ ಹುಡುಗ ಮಾರ್ಕ್ಸ್‌ಕಾರ್ಡಿನ ಜೆರಾಕ್ಸ್ ಹಿಡಿದು ಯಾರನ್ನು ಕೇಳಬೇಕೆಂದು ತಿಳಿಯದೆ ಕೂತಿರುತ್ತಾನೆ. ಇಬ್ಬರಿಂದಲೂ ಒಂದೇ ಕರಾರಿಗೆ ಸಹಿ ಹಾಕಿಸುವುದಕ್ಕೆಂದೇ ನಮ್ಮಲ್ಲಿ 1961ರಿಂದ ಒಂದು ಕಾಯ್ದೆ ಇದೆ, ಅದರ ಕೆಲಸ ನಡೆಸಲು ಅಪ್ರೆಂಟಿಸ್‌ಶಿಪ್ ಇಂಡಿಯಾ ಎಂಬ ಪೋರ್ಟಲ್ ಇದೆ, ಸ್ಟೈಪೆಂಡ್‌ನಲ್ಲಿ (ತಿಂಗಳ ತರಬೇತಿ ಭತ್ಯೆಯಲ್ಲಿ) ಪಾಲು ಕೊಡುವ ಕೇಂದ್ರದ ಯೋಜನೆ 2016ರಿಂದ ಇದೆ. ಬಸ್ ನಿಗಮಗಳ ಪ್ರಕಟಣೆಯಲ್ಲಿ ‘ಶಿಶಿಕ್ಷು’ ಎಂದು ಬರುವುದೂ ಇದೇ ಅಪ್ರೆಂಟಿಸ್, ಅಂದರೆ ಕರಾರಿನ ಮೇಲೆ ಕೆಲಸದ ಜಾಗದಲ್ಲೇ ಕಲಿಯುವವನು. ಈ ಸೇವೆ ಬಳಸುವವನಿಗೆ ಎಷ್ಟರಮಟ್ಟಿಗೆ ದಕ್ಕುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದು ಇಲ್ಲಿನ ವಿಷಯ.

ತೀರ್ಪು ಮೊದಲೇ ಹೇಳಿಬಿಡಬಹುದು. ಕಾಗದದ ಮೇಲೆ ಐಟಿಐ ಮುಗಿಸಿದವರಿಗೆ ಇದಕ್ಕಿಂತ ಒಳ್ಳೆಯ ಮೊದಲ ಮೆಟ್ಟಿಲು ಇಲ್ಲ. ಆದರೆ ಅದು ಸಿಗುವುದು ಕರಾರು ಪೋರ್ಟಲ್‌ನಲ್ಲಿ ನೋಂದಣಿಯಾದವರಿಗೆ ಮಾತ್ರ. ‘ಅಪ್ರೆಂಟಿಸ್ ತಗೊಂಡಿದ್ದೀವಿ’ ಎಂದು ಬಾಯಲ್ಲಿ ಹೇಳಿ, ‘ಟ್ರೈನಿ’ ಎಂದು ಐಡಿ ಕಾರ್ಡ್ ಕೊಟ್ಟು, ಎರಡು ಶಿಫ್ಟ್ ಮೆಷಿನ್ ಮುಂದೆ ನಿಲ್ಲಿಸುವ ಜಾಗಗಳಲ್ಲಿ ಕಾಯ್ದೆಯ ಒಂದು ಸಾಲೂ ರಕ್ಷಣೆಗೆ ಬರುವುದಿಲ್ಲ.

ಯಾವ ಬಾಗಿಲು

ಬಾಗಿಲು ಎರಡಿವೆ. ಹೆಚ್ಚಿನ ಗೊಂದಲ ಶುರುವಾಗುವುದೇ ಇಲ್ಲಿಂದ. ಎಸ್‌ಎಸ್‌ಎಲ್‌ಸಿ, ಪಿಯುಸಿ, ಐಟಿಐ ಮುಗಿಸಿದವರು ಸಾಮಾನ್ಯವಾಗಿ ಹೋಗಬೇಕಾದದ್ದು ಕೌಶಲ್ಯ ಸಚಿವಾಲಯದ ಅಪ್ರೆಂಟಿಸ್‌ಶಿಪ್ ಇಂಡಿಯಾ ಪೋರ್ಟಲ್‌ಗೆ. ಡಿಪ್ಲೊಮಾ ಮತ್ತು ಪದವಿ ಆದವರಿಗೆ ಶಿಕ್ಷಣ ಸಚಿವಾಲಯದ ನ್ಯಾಟ್ಸ್ ಪೋರ್ಟಲ್ ಬೇರೆ ಇದೆ. ದಕ್ಷಿಣ ರಾಜ್ಯಗಳಿಗೆ ಅದನ್ನು ನೋಡಿಕೊಳ್ಳುವ ಮಂಡಳಿ ಚೆನ್ನೈನ ತರಮಣಿಯಲ್ಲಿದೆ. ಸೈಬರ್ ಸೆಂಟರ್‌ನವರು ಡಿಪ್ಲೊಮಾ ಹುಡುಗಿಯನ್ನು ಐಟಿಐ ಪೋರ್ಟಲ್‌ಗೆ ಹಾಕಿ, ಆಕೆ ಅರ್ಜಿ ಹಾಕಬೇಕಿದ್ದ ಕಂಪನಿ ನ್ಯಾಟ್ಸ್‌ನಲ್ಲಿ ಹುಡುಕಿ ‘ನಿಮ್ಮ ಹೆಸರೇ ಇಲ್ಲ’ ಎನ್ನುವುದು ಸಾಮಾನ್ಯ. ಪ್ರಕಟಣೆಯಲ್ಲಿ ಯಾವ ಪೋರ್ಟಲ್‌ನ ನೋಂದಣಿ ಸಂಖ್ಯೆ ಕೇಳಿದ್ದಾರೆ ಎಂದು ಓದಿಕೊಂಡು ಮುಂದುವರಿಯಿರಿ. ಎರಡರಲ್ಲೂ ಅಭ್ಯರ್ಥಿಯ ನೋಂದಣಿಗೆ ಶುಲ್ಕವಿಲ್ಲ. ಸೈಬರ್‌ನವರು ತಗೊಳ್ಳುವುದು ಟೈಪಿಂಗ್ ಕೂಲಿ ಮಾತ್ರ. ‘ಸರ್ಕಾರದ ಫೀಸು’ ಎಂದರೆ ಕೊಡಬೇಡಿ.

ಹಣದ ಲೆಕ್ಕವೂ ಬೇರೆ ಬೇರೆ. ನ್ಯಾಟ್ಸ್‌ನಲ್ಲಿ ಕನಿಷ್ಠ ಸ್ಟೈಪೆಂಡ್‌ನ ಅರ್ಧ ಸರ್ಕಾರದ್ದು: ಪದವೀಧರರ 9,000ದಲ್ಲಿ 4,500, ಡಿಪ್ಲೊಮಾದವರ 8,000ದಲ್ಲಿ 4,000. ಐಟಿಐ ಕಡೆಯ ಯೋಜನೆಯಲ್ಲಿ ಸರ್ಕಾರದ ಪಾಲು ಶೇ 25, ಅದೂ ತಿಂಗಳಿಗೆ 1,500 ರೂಪಾಯಿ ಮೀರುವಂತಿಲ್ಲ. ಹೆಚ್ಚು ಓದಿದವನಿಗೆ ಹೆಚ್ಚು ಸಹಾಯ, ಲೇತ್ ಮುಂದೆ ನಿಲ್ಲುವವನಿಗೆ ಕಡಿಮೆ. ಈ ವ್ಯತ್ಯಾಸಕ್ಕೆ ಒಪ್ಪುವಂಥ ಕಾರಣ ಹುಡುಕುವುದು ಕಷ್ಟ.

ಇನ್ನೊಂದು ಮಾತು ಯುವನಿಧಿಯವರಿಗೆ. ರಾಜ್ಯ ಸರ್ಕಾರದ ಯುವನಿಧಿಯಲ್ಲಿ ಪದವೀಧರರಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ ಬರುತ್ತದೆ; ಐಟಿಐಗೆ ಅದು ಇಲ್ಲವೇ ಇಲ್ಲ. ಅಪ್ರೆಂಟಿಸ್ ಭತ್ಯೆ ಪಡೆಯುವವರು ಆ ಯೋಜನೆಗೆ ಅರ್ಹರಲ್ಲ. ಎರಡನ್ನೂ ಇಟ್ಟುಕೊಳ್ಳೋಣ ಎಂದು ನಿರುದ್ಯೋಗಿ ಎಂಬ ಸ್ವಯಂ ಘೋಷಣೆ ಮುಂದುವರಿಸಿದರೆ, ಎರಡೂ ಕಡೆ ಇರುವುದು ಒಂದೇ ಆಧಾರ್ ಎಂಬುದು ನೆನಪಿರಲಿ.

ನೋಂದಣಿ: ಸಿಕ್ಕಿಬೀಳುವುದು ಹೆಸರಿನಲ್ಲಿ

ಪೋರ್ಟಲ್‌ನ ಹಂತಗಳು ಕಷ್ಟದವಲ್ಲ. ಇಮೇಲ್, ಮೊಬೈಲ್ ಕೊಟ್ಟು ಖಾತೆ ತೆರೆಯಬೇಕು, ಆಧಾರ್ ಇ-ಕೆವೈಸಿ ಮಾಡಬೇಕು, ವಿದ್ಯಾರ್ಹತೆ ಮತ್ತು ಬ್ಯಾಂಕ್ ವಿವರ ತುಂಬಬೇಕು. ಆಮೇಲೆ ಜಿಲ್ಲೆ, ಟ್ರೇಡ್ ಆರಿಸಿ ಅವಕಾಶಗಳನ್ನು ಹುಡುಕಿ ಅರ್ಜಿ ಹಾಕಬೇಕು. ಕಂಪನಿ ಒಪ್ಪಿದರೆ ಆಫರ್ ಬರುತ್ತದೆ, ಅದರಿಂದ ಕರಾರು ತಯಾರಾಗುತ್ತದೆ, ಇಬ್ಬರೂ ಒಪ್ಪಿದ ಮೇಲೆ ಕಾಯ್ದೆಯ ಜಾರಿ ನೋಡಿಕೊಳ್ಳುವ ಸರ್ಕಾರಿ ಅಧಿಕಾರಿಯಾದ ಅಪ್ರೆಂಟಿಸ್‌ಶಿಪ್ ಸಲಹೆಗಾರರ ಕಚೇರಿ ಪರಿಶೀಲಿಸಿ ನೋಂದಾಯಿಸುತ್ತದೆ. ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಕೈಯಲ್ಲಿಲ್ಲದಿದ್ದರೆ ಎರಡನೇ ಹೆಜ್ಜೆಯೇ ಇಲ್ಲ. ಹಳೆ ಸಿಮ್ ಬಿಸಾಕಿದವರು ಮೊದಲು ಆಧಾರ್ ಕೇಂದ್ರಕ್ಕೆ ಹೋಗಬೇಕು.

ನಿಜವಾದ ತೊಡಕು ನಮ್ಮ ಇನಿಷಿಯಲ್‌ಗಳದ್ದು. ಎಸ್‌ಎಸ್‌ಎಲ್‌ಸಿಯಲ್ಲಿ ‘ಮಂಜುನಾಥ ಎಚ್’, ಆಧಾರ್‌ನಲ್ಲಿ ‘ಮಂಜುನಾಥ್ ಹನುಮಪ್ಪ’, ಐಟಿಐ ಸರ್ಟಿಫಿಕೇಟಿನಲ್ಲಿ ‘ಮಂಜುನಾಥ’ ಅಷ್ಟೇ. ಊರಲ್ಲಿ ಮೂರೂ ಒಬ್ಬನೇ. ಕಂಪ್ಯೂಟರಿಗೆ ಮೂವರು. ಇ-ಕೆವೈಸಿ ಆಧಾರ್‌ನ ಹೆಸರನ್ನು ಎತ್ತಿಕೊಳ್ಳುತ್ತದೆ, ಮುಂದೆ ಪರೀಕ್ಷೆಯ ಹಾಲ್ ಟಿಕೆಟ್ಟೂ ರಾಷ್ಟ್ರೀಯ ಅಪ್ರೆಂಟಿಸ್ ಪ್ರಮಾಣಪತ್ರವೂ ಅದೇ ಹೆಸರಲ್ಲಿ ಬರುತ್ತವೆ, ನಂತರ ಕೆಲಸಕ್ಕೆ ಅರ್ಜಿ ಹಾಕುವಾಗ ಎಸ್‌ಎಸ್‌ಎಲ್‌ಸಿಗೆ ಹೊಂದುವುದಿಲ್ಲ. ಹಾಗಾಗಿ ನೋಂದಣಿಗೆ ಮುಂಚೆ ಆಧಾರ್‌ನ ಹೆಸರನ್ನು ಎಸ್‌ಎಸ್‌ಎಲ್‌ಸಿಗೆ ಅಕ್ಷರಶಃ ಸರಿಹೊಂದಿಸಿಕೊಳ್ಳುವುದು ಲೇಸು. ಆಧಾರ್‌ನಲ್ಲಿ ಹೆಸರು ಬದಲಿಸಲು ಎರಡೇ ಅವಕಾಶ, ಜನ್ಮದಿನಾಂಕಕ್ಕೆ ಒಂದೇ. ಅವಸರದಲ್ಲಿ ಒಂದನ್ನು ಹಾಳುಮಾಡಿಕೊಂಡು ಆಮೇಲೆ ಪರದಾಡುವವರೇ ಜಾಸ್ತಿ. ಐಟಿಐ ಸರ್ಟಿಫಿಕೇಟಿನಲ್ಲೇ ತಪ್ಪಿದ್ದರೆ ಓದಿದ ಐಟಿಐ ಮೂಲಕವೇ ತಿದ್ದುಪಡಿಗೆ ಹೋಗಬೇಕು. ಅದು ನಿಧಾನದ ಕೆಲಸ, ಕಂಪನಿ ಹುಡುಕುವ ಮೊದಲೇ ಶುರುಮಾಡಿ.

ಪೋರ್ಟಲ್‌ಗೆ ಐದರಲ್ಲಿ ಎರಡೂವರೆ ಕೊಡಬಹುದು. ಹುಡುಕಾಟದಲ್ಲಿ ಕಾಣುವ ‘ಅವಕಾಶ’ಗಳಲ್ಲಿ ಎಷ್ಟೋ ಹಳೆಯವು, ಕಂಪನಿ ಯಾವಾಗಲೋ ಹಾಕಿ ಮರೆತಿರುತ್ತದೆ. ಇಪ್ಪತ್ತು ಕಡೆ ಅರ್ಜಿ ಒತ್ತಿ ಕಾಯುತ್ತ ಕೂರುವ ಬದಲು, ಪಟ್ಟಿಯಿಂದ ಕಂಪನಿಯ ಹೆಸರು ತೆಗೆದುಕೊಂಡು ನೇರವಾಗಿ ಗೇಟಿಗೆ ಹೋಗಿ ಎಚ್‌ಆರ್ ಅವರನ್ನು ಕೇಳುವುದು ಈಗಲೂ ಬೇಗ ಆಗುವ ದಾರಿ. ಪೋರ್ಟಲ್ ಕರಾರು ಮಾಡಲು ಒಳ್ಳೆಯದು, ಕೆಲಸ ಹುಡುಕಲು ಅಷ್ಟಕ್ಕಷ್ಟೆ.

ಕರಾರಿನ ಸಂಖ್ಯೆ

ಕೆಲಸಕ್ಕೆ ಸೇರಿದ ಮೇಲೆ ಕಂಪನಿಯು 7 ದಿನದೊಳಗೆ ಕರಾರಿನ ವಿವರವನ್ನು ಪೋರ್ಟಲ್‌ಗೆ ಏರಿಸಬೇಕು ಎಂದು ಕಾಯ್ದೆ ಹೇಳುತ್ತದೆ. ಸಲಹೆಗಾರರು 30 ದಿನದೊಳಗೆ ಅದನ್ನು ನೋಂದಾಯಿಸಬೇಕು. ಆಕ್ಷೇಪಣೆ ಇದ್ದರೆ 15 ದಿನದಲ್ಲಿ ತಿಳಿಸಬೇಕು. ಲೆಕ್ಕ ಹಾಕಿದರೆ ಸೇರಿದ ಒಂದೂವರೆ ತಿಂಗಳಲ್ಲಿ ಹುಡುಗನ ಲಾಗಿನ್‌ನಲ್ಲಿ ಕರಾರಿನ ಸಂಖ್ಯೆ ಕಾಣಬೇಕು. ಕಾಣದಿದ್ದರೆ ಕೇಳಬೇಕು. ‘ಆಗುತ್ತೆ ಬಿಡಪ್ಪ, ಪೋರ್ಟಲ್ ಸರ್ವರ್ ಡೌನು’ ಎಂಬ ಉತ್ತರ ಮೂರನೇ ತಿಂಗಳಲ್ಲೂ ಬಂದರೆ ತೊಂದರೆ ಇರುವುದು ಸರ್ವರ್‌ನಲ್ಲಿ ಅಲ್ಲ.

ಕರಾರಿನ ಪ್ರತಿ ಸಿಕ್ಕಿದ ಕೂಡಲೇ ನೋಡಬೇಕಾದ ನಾಲ್ಕು ಕಡೆಗಳಿವೆ. ಮೊದಲನೆಯದು ಟ್ರೇಡ್. ಫಿಟ್ಟರ್ ಓದಿದವನನ್ನು ಯಾವುದೋ ಆಪ್ಷನಲ್, ಅಂದರೆ ಕಂಪನಿಯೇ ರೂಪಿಸಿದ, ಟ್ರೇಡ್‌ಗೆ, ಉದಾಹರಣೆಗೆ ಅಸೆಂಬ್ಲಿ ಆಪರೇಟರ್ ಎಂದು ಹಾಕಿದ್ದರೆ ಕೊನೆಗೆ ಬರುವ ಸರ್ಟಿಫಿಕೇಟೇ ಬೇರೆ. ರೈಲ್ವೆಯಂಥ ಕಡೆ ಲೆಕ್ಕಕ್ಕೆ ಬರುವುದು ಸರ್ಕಾರ ಅಧಿಸೂಚಿಸಿದ ನಿಗದಿತ ಟ್ರೇಡಿನದು. ಎರಡನೆಯದು ಅವಧಿ. ಅಪ್ರೆಂಟಿಸ್‌ಶಿಪ್ 6ರಿಂದ 36 ತಿಂಗಳವರೆಗೆ ಇರಬಹುದು, ಎರಡು ವರ್ಷದ ಐಟಿಐ ಟ್ರೇಡ್ ಆದವರಿಗೆ ಸಾಮಾನ್ಯವಾಗಿ ಉಳಿಯುವುದು ಒಂದು ವರ್ಷ. ಆ ಒಂದು ವರ್ಷದ ಕೆಲಸಕ್ಕೆ ಎರಡು ವರ್ಷ ಬರೆದಿದ್ದರೆ ಏಕೆಂದು ಕೇಳಿ. ಮೂರನೆಯದು ಆರಂಭದ ದಿನಾಂಕ: ಸೇರಿದ್ದು ಜೂನ್, ಕರಾರಿನಲ್ಲಿ ಸೆಪ್ಟೆಂಬರ್ ಎಂದಿದ್ದರೆ ಆ ಮೂರು ತಿಂಗಳು ಗಾಳಿಗೆ, ಅವಧಿ ಮುಗಿಯುವುದೂ ಪರೀಕ್ಷೆಯ ಬ್ಯಾಚೂ ಅಷ್ಟೇ ಮುಂದಕ್ಕೆ. ನಾಲ್ಕನೆಯದು ಸ್ಟೈಪೆಂಡ್ ಮೊತ್ತ.

ಪಿಎಫ್ ಮತ್ತು ಇಎಸ್‌ಐ ಬಗ್ಗೆ ಒಂದು ಸರಳ ಪರೀಕ್ಷೆ ಇದೆ. ಕಾಯ್ದೆಯಡಿ ನೋಂದಣಿಯಾದ ಅಪ್ರೆಂಟಿಸ್‌ಗೆ ಇವೆರಡೂ ಅನ್ವಯಿಸುವುದಿಲ್ಲ, ಆದ್ದರಿಂದ ಪೇಸ್ಲಿಪ್‌ನಲ್ಲಿ ಕಡಿತ ಇರುವುದಿಲ್ಲ, ಅದು ಸರಿ. ಆದರೆ ನೋಂದಣಿಯಾಗದ ‘ಟ್ರೈನಿ’ಗೆ ಇಎಸ್‌ಐನಿಂದ ಈ ವಿನಾಯಿತಿ ಇಲ್ಲ. ಕರಾರಿನ ಸಂಖ್ಯೆಯೂ ಇಲ್ಲ, ಇಎಸ್‌ಐ ಕಡಿತವೂ ಇಲ್ಲ ಎಂದರೆ ಆ ಹುಡುಗ ಯಾವ ಲೆಕ್ಕದಲ್ಲೂ ಇಲ್ಲ. ಪ್ರೆಸ್‌ನಲ್ಲಿ ಬೆರಳು ಹೋದ ದಿನ ಇದು ಗೊತ್ತಾಗುತ್ತದೆ. ನೋಂದಾಯಿತ ಅಪ್ರೆಂಟಿಸ್‌ಗೆ ಕೆಲಸದ ವೇಳೆ ಗಾಯವಾದರೆ ಪರಿಹಾರದ ಹೊಣೆ ಮಾಲೀಕನದು ಎಂದು ಕಾಯ್ದೆಯ 16ನೇ ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತದೆ. ಅಪ್ರೆಂಟಿಸ್ ‘ಕಾರ್ಮಿಕ’ನಲ್ಲ, ತರಬೇತಿ ಪಡೆಯುವವನು ಎಂದು 18ನೇ ಸೆಕ್ಷನ್ ಹೇಳಿದರೂ, ಆರೋಗ್ಯ, ಸುರಕ್ಷತೆಯ ನಿಯಮಗಳು ಅವನಿಗೂ ಅನ್ವಯಿಸುತ್ತವೆ. ಸೇಫ್ಟಿ ಶೂ, ಕನ್ನಡಕ ‘ಪರ್ಮನೆಂಟ್‌ನವರಿಗೆ ಮಾತ್ರ’ ಎನ್ನುವ ಸ್ಟೋರ್ ಕೀಪರ್‌ಗೆ ಇದನ್ನು ತೋರಿಸಬಹುದು.

ಎರಡು ಕಂತಿನ ಸ್ಟೈಪೆಂಡ್

ಕನಿಷ್ಠ ಸ್ಟೈಪೆಂಡ್ ನಿಗದಿಯಾದದ್ದು 2019ರ ಸೆಪ್ಟೆಂಬರ್‌ನಲ್ಲಿ: ಐದರಿಂದ ಒಂಬತ್ತನೇ ತರಗತಿ ಓದಿದವರಿಗೆ 5,000, ಎಸ್‌ಎಸ್‌ಎಲ್‌ಸಿಗೆ 6,000, ಪಿಯುಸಿ ಮತ್ತು ಐಟಿಐಗೆ 7,000, ಡಿಪ್ಲೊಮಾಕ್ಕೆ 8,000, ಪದವಿಗೆ 9,000. ಎರಡನೇ ವರ್ಷ ಶೇ 10 ಏರಿಕೆ. ಇದನ್ನು ಶೇ 36ರಷ್ಟು ಹೆಚ್ಚಿಸಿ 6,800ರಿಂದ 12,300ರವರೆಗೆ ಮಾಡಬೇಕೆಂದು ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ 2025ರ ಮೇ ತಿಂಗಳಲ್ಲಿ ಶಿಫಾರಸು ಮಾಡಿತು. ಸೇರುವ ದಿನ ಜಾರಿಯಲ್ಲಿರುವ ದರ ಯಾವುದು ಎಂದು ಕರಾರಿನಲ್ಲೇ ನೋಡಿಕೊಳ್ಳಿ. ಇದು ಕನಿಷ್ಠ ಮಾತ್ರ. ಹೆಚ್ಚು ಕೊಡಬಾರದೆಂದು ಎಲ್ಲೂ ಇಲ್ಲ, ದೊಡ್ಡ ಕಂಪನಿಗಳು ಕೊಡುತ್ತವೆ ಕೂಡ. ಐಟಿಐ ಕಡೆಯ ಯೋಜನೆಯಲ್ಲಿ ಸರ್ಕಾರದ ಪಾಲು ಮಾತ್ರ 1,500ಕ್ಕೆ ನಿಲ್ಲುತ್ತದೆ.

ಐಟಿಐ ಹುಡುಗನ 7,000ದ ಲೆಕ್ಕ ಹೀಗೆ: ಶೇ 25 ಎಂದರೆ 1,750, ಆದರೆ ಮಿತಿ 1,500. ಆದ್ದರಿಂದ ಕಂಪನಿಯಿಂದ 5,500, ಸರ್ಕಾರದಿಂದ 1,500. ಮೊದಲು ಕಂಪನಿಯೇ ಪೂರ್ತಿ ಕೊಟ್ಟು ಸರ್ಕಾರದಿಂದ ವಾಪಸ್ ಪಡೆಯುತ್ತಿತ್ತು. 2023ರ ಆಗಸ್ಟ್‌ನಿಂದ ಸರ್ಕಾರದ ಪಾಲು ನೇರವಾಗಿ ಅಭ್ಯರ್ಥಿಯ ಖಾತೆಗೆ ಹೋಗುತ್ತದೆ. ಕಂಪನಿಗೆ ಇದು ಅನುಕೂಲ, ಹುಡುಗನಿಗೆ ತಲೆನೋವು. ತಿಂಗಳ ಮೊದಲಲ್ಲಿ 5,500 ಬರುತ್ತದೆ. 1,500 ಯಾವಾಗಲೋ ಬರುತ್ತದೆ, ಕೆಲವೊಮ್ಮೆ ಎರಡು ಮೂರು ತಿಂಗಳದ್ದು ಒಟ್ಟಿಗೆ, ಕೆಲವೊಮ್ಮೆ ಬರುವುದೇ ಇಲ್ಲ.

ಬಾರದಿರಲು ಕಾರಣ ಸಾಮಾನ್ಯವಾಗಿ ಮೂರರಲ್ಲಿ ಒಂದು. ಕಂಪನಿ ತನ್ನ ಪಾಲು ಕೊಟ್ಟ ವಿವರವನ್ನು ಆ ತಿಂಗಳು ಪೋರ್ಟಲ್‌ನಲ್ಲಿ ನಮೂದಿಸಿಲ್ಲ. ಅದು ನಮೂದಾಗದೆ ಸರ್ಕಾರದ ಪಾಲು ಅಲುಗುವುದಿಲ್ಲ. ಅಥವಾ ಕರಾರು ಇನ್ನೂ ಅನುಮೋದನೆಯಾಗಿಲ್ಲ. ಮೂರನೆಯದು, ಅತಿ ಸಾಮಾನ್ಯವಾದದ್ದು, ಆಧಾರ್ ಸೀಡಿಂಗ್. ಬ್ಯಾಂಕಿನವರು ‘ಆಧಾರ್ ಲಿಂಕ್ ಆಗಿದೆ’ ಎಂದರೆ ಕೆವೈಸಿಗೆ ಆಧಾರ್ ತಗೊಂಡಿದ್ದೇವೆ ಎಂದಷ್ಟೇ ಅರ್ಥ. ಸರ್ಕಾರದ ಹಣ ಬರಲು ಆ ಖಾತೆ, ಯಾವ ಆಧಾರ್‌ನ ಹಣ ಯಾವ ಬ್ಯಾಂಕಿಗೆ ಎಂದು ದಾಖಲಿಸುವ ಎನ್‌ಪಿಸಿಐ ಮ್ಯಾಪರ್‌ನಲ್ಲಿ ಸೀಡ್ ಆಗಿರಬೇಕು. ಒಂದು ಆಧಾರ್‌ಗೆ ಒಂದೇ ಬ್ಯಾಂಕ್ ಸೀಡ್ ಆಗಿರುತ್ತದೆ, ಕೊನೆಯಲ್ಲಿ ಸೀಡ್ ಮಾಡಿಸಿದ್ದೇ ನಿಲ್ಲುತ್ತದೆ. ಮೊಬೈಲ್ ಅಂಗಡಿಯಲ್ಲಿ ಯಾವುದೋ ಪೇಮೆಂಟ್ ಬ್ಯಾಂಕ್ ಖಾತೆ ತೆರೆಯುವಾಗ ಹೆಬ್ಬೆಟ್ಟು ಒತ್ತಿದ್ದರೆ ಹಣ ಅಲ್ಲಿ ಬಿದ್ದಿರುತ್ತದೆ, ಹುಡುಗ ಇಲ್ಲಿ ಗ್ರಾಮೀಣ ಬ್ಯಾಂಕಿನ ಪಾಸ್‌ಬುಕ್ ಎಂಟ್ರಿ ಮಾಡಿಸುತ್ತಿರುತ್ತಾನೆ. ಮೈಆಧಾರ್ ತಾಣದಲ್ಲಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ಒತ್ತಿದರೆ ಯಾವ ಬ್ಯಾಂಕ್ ಎಂದು ತಿಳಿಯುತ್ತದೆ. ಎರಡು ನಿಮಿಷದ ಕೆಲಸ, ಕರಾರಿಗೆ ಮುಂಚೆಯೇ ಮಾಡಿಕೊಳ್ಳಿ.

ನಿಯಮದಲ್ಲಿ ಇರುವ, ಯಾರೂ ಹೇಳದ ಕೆಲವು ಸಾಲುಗಳಿವೆ. ಸ್ಟೈಪೆಂಡ್ ಮುಂದಿನ ತಿಂಗಳ 10ನೇ ತಾರೀಖಿನೊಳಗೆ ಬರಬೇಕು. ಕ್ಯಾಶುವಲ್ ರಜೆ, ವೈದ್ಯಕೀಯ ರಜೆಗೆ ಕಡಿತ ಮಾಡುವಂತಿಲ್ಲ. ಅಪ್ರೆಂಟಿಸ್‌ಗೆ ಪೀಸ್‌ರೇಟಿನಲ್ಲಿ ಹಣ ಕೊಡುವಂತಿಲ್ಲ, ‘ಇಷ್ಟು ಪೀಸ್ ಎತ್ತಿದರೆ ಇಷ್ಟು ಇನ್ಸೆಂಟಿವ್’ ಎಂಬ ಲೆಕ್ಕಕ್ಕೆ ಎಳೆಯುವಂತಿಲ್ಲ. 13ನೇ ಸೆಕ್ಷನ್ ಇದನ್ನು ನೇರವಾಗಿ ತಡೆಯುತ್ತದೆ. ಸಲಹೆಗಾರರ ಒಪ್ಪಿಗೆ ಇಲ್ಲದೆ ಓವರ್‌ಟೈಮ್ ಕೂಡ ಮಾಡಿಸುವಂತಿಲ್ಲ. ಕಂಪನಿಯೇ ತನ್ನ ತಪ್ಪಿನಿಂದ ಕರಾರು ಮುರಿದರೆ ಕೊನೆಯ ದರದಲ್ಲಿ ಮೂರು ತಿಂಗಳ ಸ್ಟೈಪೆಂಡ್ ಪರಿಹಾರ ಕೊಡಬೇಕು.

ಇಷ್ಟಾದರೂ 7,000 ಎಂದರೆ 7,000ವೇ. ಪೀಣ್ಯ, ಬೊಮ್ಮಸಂದ್ರದಲ್ಲಿ ನಾಲ್ವರ ಶೇರಿಂಗ್ ಪಿಜಿಗೇ ಅದರ ಬಹುಪಾಲು ಹೋಗುತ್ತದೆ. ಅದೇ ಹುಡುಗ ಬೈಕ್ ಹತ್ತಿ ಊಟ ಹಂಚಿದರೆ ಕೈಗೆ ಇದಕ್ಕಿಂತ ಹೆಚ್ಚು ಬರುತ್ತದೆ, ಬರುತ್ತಿದೆ. ಹೀಗಾಗಿ ಬೆಂಗಳೂರಿನ ಬೋರ್ಡುಗಳನ್ನು ನೋಡಿ ಬಸ್ ಹತ್ತುವ ಮೊದಲು ಮನೆಯಿಂದ ಓಡಾಡಬಹುದಾದ ಜಾಗ ನೋಡುವುದು ಜಾಣತನ. ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಫೌಂಡ್ರಿ, ಮೆಷಿನ್ ಶಾಪ್‌ಗಳಿವೆ. ಶಿವಮೊಗ್ಗದ ಮಾಚೇನಹಳ್ಳಿಯಲ್ಲೂ ಎರಕದ ಕೆಲಸವಿದೆ. ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳ, ಮೈಸೂರಿನ ಹೆಬ್ಬಾಳ, ಕೂರ್ಗಳ್ಳಿ, ಕೋಲಾರದ ನರಸಾಪುರ, ಬಳ್ಳಾರಿ ಜಿಲ್ಲೆಯ ತೋರಣಗಲ್ಲು ಇವೆ. ಪೋರ್ಟಲ್‌ನಲ್ಲಿ ಬೆಂಗಳೂರು ಎಂದು ಫಿಲ್ಟರ್ ಹಾಕುವ ಅಭ್ಯಾಸ ಬಿಟ್ಟರೆ ಇವು ಕಣ್ಣಿಗೆ ಬೀಳುತ್ತವೆ.

ಮಾಲೀಕರ ಕಡೆಯಿಂದ

30 ಅಥವಾ ಹೆಚ್ಚು ಜನ ಇರುವ ಸಂಸ್ಥೆ ತನ್ನ ಒಟ್ಟು ಸಿಬ್ಬಂದಿಯ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ಇಟ್ಟುಕೊಳ್ಳಲೇಬೇಕು. 4ರಿಂದ 29 ಜನ ಇದ್ದರೆ ಇಷ್ಟಬಂದರೆ ಸಾಕು. ಎಣಿಕೆಯಲ್ಲಿ ಗುತ್ತಿಗೆಯವರೂ ಸೇರುತ್ತಾರೆ. ಮಸ್ಟರ್‌ನಲ್ಲಿ 60, ಮ್ಯಾನ್‌ಪವರ್ ಏಜೆನ್ಸಿಯಿಂದ 60 ಜನ ಇದ್ದರೆ ಲೆಕ್ಕ 120ರ ಮೇಲೆ: ಕನಿಷ್ಠ 3, ಗರಿಷ್ಠ 18.

ಈಗ ದಂಡ ನೋಡಿ. 2014ರ ತಿದ್ದುಪಡಿಗೆ ಮುಂಚೆ ಕಾಯ್ದೆ ಮುರಿದರೆ ಆರು ತಿಂಗಳವರೆಗೆ ಜೈಲಿಗೆ ಅವಕಾಶವಿತ್ತು, ಅದನ್ನು ತೆಗೆದರು. ಈಗ ಖಾಲಿ ಬಿಟ್ಟ ಪ್ರತಿ ಅಪ್ರೆಂಟಿಸ್ ಸೀಟಿಗೆ ಮೊದಲ ಮೂರು ತಿಂಗಳು ತಿಂಗಳಿಗೆ 500, ಆಮೇಲೆ ತಿಂಗಳಿಗೆ 1,000 ರೂಪಾಯಿ. ಮೇಲಿನ 120 ಜನರ ಕಂಪನಿ ಮೂವರನ್ನೂ ತೆಗೆದುಕೊಳ್ಳದಿದ್ದರೆ ಮೊದಲ ತ್ರೈಮಾಸಿಕದಲ್ಲಿ ತಿಂಗಳಿಗೆ 1,500, ನಂತರ 3,000. ಮೂವರನ್ನು ತೆಗೆದುಕೊಂಡರೆ ತನ್ನ ಪಾಲಿನ ಸ್ಟೈಪೆಂಡೇ ತಿಂಗಳಿಗೆ 16,500. ತಪ್ಪು ಮಾಡುವುದೇ ಅಗ್ಗ. ಜೈಲು ತೆಗೆದದ್ದು ಸರಿಯೇ ಇರಬಹುದು, ಆದರೆ ದಂಡವನ್ನು ಸ್ಟೈಪೆಂಡ್‌ಗಿಂತ ಕೆಳಗೆ ಇಟ್ಟು ‘ಕಡ್ಡಾಯ’ ಎಂಬ ಪದ ಬಳಸುವುದು ತಮಾಷೆ.

ಹಾಗಿದ್ದೂ ಕೆಲವು ಕಂಪನಿಗಳು ಮುಂದೆ ಬರುತ್ತವೆ, ಏಕೆಂದರೆ ಲೆಕ್ಕ ಇನ್ನೊಂದು ಕಡೆಯಿಂದ ಹೊಂದುತ್ತದೆ. ಕನಿಷ್ಠ ವೇತನ, ಪಿಎಫ್, ಇಎಸ್‌ಐ ಎಲ್ಲ ಸರಿಯಾಗಿ ಕಟ್ಟುವ ಸಂಸ್ಥೆಗೆ ತಿಂಗಳಿಗೆ 5,500ಕ್ಕೆ ಸಿಗುವ ಐಟಿಐ ಹುಡುಗ ಲಾಭವೇ. ಯಾರು ಮೊದಲಿಂದಲೂ ಪಿಎಫ್ ಕಟ್ಟದೆ ಕೈಯಲ್ಲಿ ಕೂಲಿ ಕೊಡುತ್ತಾರೋ ಅವರಿಗೆ ಈ ಯೋಜನೆ ಹೊಸದೇನನ್ನೂ ಕೊಡುವುದಿಲ್ಲ, ಪೋರ್ಟಲ್ ಕೆಲಸ ಮಾತ್ರ ಹೆಚ್ಚು. ಎಂಟು ಮೆಷಿನ್‌ನ ಶೆಡ್ಡಿನಲ್ಲಿ ಮಾಲೀಕನೇ ಸೂಪರ್‌ವೈಸರ್, ಅವನೇ ಅಕೌಂಟೆಂಟ್. ಪಿಎಫ್ ಕೋಡ್, ಜಿಎಸ್‌ಟಿ, ಪ್ಯಾನ್ ಹಾಕಿ ಸಂಸ್ಥೆ ನೋಂದಾಯಿಸಿ, ಅವಕಾಶ ಹಾಕಿ, ಕರಾರು ಮಾಡಿ, ಪ್ರತಿ ತಿಂಗಳು ಪಾವತಿ ನಮೂದಿಸುವವರು ಯಾರು? ಆರು ತಿಂಗಳು ಕಲಿಸಿದ ಹುಡುಗ ಪಕ್ಕದ ಗೇಟಿನಲ್ಲಿ ಎರಡು ಸಾವಿರ ಹೆಚ್ಚು ಎಂದು ಹೊರಟುಬಿಡುತ್ತಾನೆ ಎಂಬ ಅವರ ದೂರಿನಲ್ಲಿ ಸುಳ್ಳಿಲ್ಲ. ಇಂಥ ಶೆಡ್‌ಗಳಿಗಾಗಿಯೇ ಥರ್ಡ್ ಪಾರ್ಟಿ ಅಗ್ರಿಗೇಟರ್‌ಗಳೆಂಬ ಮಧ್ಯಸ್ಥರಿಗೆ ಅವಕಾಶ ಕೊಡಲಾಗಿದೆ. ಒಳ್ಳೆಯವರು ಕಾಗದದ ಕೆಲಸ ನೀಗಿಸುತ್ತಾರೆ. ಹುಡುಗರಿಂದ ‘ಪ್ಲೇಸ್‌ಮೆಂಟ್ ಚಾರ್ಜ್’ ಕೇಳುವವರ ಹತ್ತಿರ ಹೋಗುವುದೇ ಬೇಡ.

ಮೆಷಿನ್ ಮುಂದೆ ಏನು ಕಲಿಯುತ್ತಾನೆ

ಇಡೀ ಸೇವೆಯ ಬೆಲೆ ನಿರ್ಧಾರವಾಗುವುದು ಇಲ್ಲಿ, ಇದನ್ನು ಅಳೆಯುವ ವ್ಯವಸ್ಥೆಯೇ ಪೋರ್ಟಲ್‌ನಲ್ಲಿ ಇಲ್ಲ. ಐಟಿಐನಿಂದ ಬರುವ ಹುಡುಗ ಬೆಂಚ್ ವೈಸಿಗೆ ಕಬ್ಬಿಣದ ತುಂಡು ಕಚ್ಚಿಸಿ, ಫೈಲ್ ಉಜ್ಜಿ, ಮೇಲ್-ಫೀಮೇಲ್ ಫಿಟ್ಟಿಂಗ್ ಕೂರಿಸಿರುತ್ತಾನೆ. ವರ್ನಿಯರ್‌ನಲ್ಲಿ 0.02 ಮಿಮೀ ಓದಲು ಬರುತ್ತದೆ. ಕಂಪನಿಯಲ್ಲಿ ಅವನ ಮುಂದೆ ಇರುವುದು ಸಿಎನ್‌ಸಿ ಟರ್ನಿಂಗ್ ಸೆಂಟರ್, ಅಂದರೆ ಕಂಪ್ಯೂಟರ್ ನಡೆಸುವ ಲೇತ್. ಸೂಪರ್‌ವೈಸರ್ ಹೇಳಿಕೊಡುವುದು: ಚಕ್‌ಗೆ ಜಾಬ್ ಹಾಕು, ಬಾಗಿಲು ಎಳೆ, ಹಸಿರು ಬಟನ್ ಒತ್ತು, ಆದಮೇಲೆ ತೆಗಿ. ಒಂದು ದಿನಕ್ಕೆ ಇದು ಕಲಿಕೆ, ಒಂದು ವರ್ಷಕ್ಕೆ ಇದು ಲೋಡಿಂಗ್ ಅನ್‌ಲೋಡಿಂಗ್.

ವ್ಯತ್ಯಾಸ ಎಲ್ಲಿದೆ ಎಂದರೆ ಒಂದು ಸಣ್ಣ ಸಂಖ್ಯೆಯಲ್ಲಿ. 25 ಮಿಮೀ ಬೋರ್ (ರಂಧ್ರ) ಹೊಡೆಯುತ್ತಿದ್ದಾರೆ ಎಂದುಕೊಳ್ಳಿ. ಬೆಳಗ್ಗೆ ಸರಿಯಾಗಿದ್ದ ಬೋರ್ ಮಧ್ಯಾಹ್ನದ ಹೊತ್ತಿಗೆ 24.96 ಬರುತ್ತದೆ, ಏಕೆಂದರೆ ಬೋರಿಂಗ್ ಬಾರ್‌ನ ಇನ್ಸರ್ಟ್ (ಕತ್ತರಿಸುವ ತುದಿ) ಸವೆದಿದೆ. ಆಪರೇಟರ್ ಆದವನು ಬೋರ್ ಗೇಜ್ ಹಾಕಿ ನೋಡಿ, ಆ ಟೂಲಿನ ಸವೆತ ಸರಿದೂಗಿಸುವ ಸಂಖ್ಯೆಯಾದ ಎಕ್ಸ್ ವೇರ್ ಆಫ್‌ಸೆಟ್‌ಗೆ 0.04 ಕೂಡಿಸುತ್ತಾನೆ. ಚಿಹ್ನೆ ತಪ್ಪಿ 0.04 ಕಳೆದರೆ ಮುಂದಿನ ಪೀಸ್ 24.92. ಬೋರ್ ಚಿಕ್ಕದಾದರೆ ಇನ್ನೊಮ್ಮೆ ಹೊಡೆದು ಸರಿಮಾಡಬಹುದು. ದೊಡ್ಡದಾದರೆ ಪೀಸ್ ಸ್ಕ್ರ್ಯಾಪ್. ಈ ಆಫ್‌ಸೆಟ್ ಪೇಜ್ ಮುಟ್ಟಲು ಹುಡುಗನಿಗೆ ಬಿಡುತ್ತಾರೋ ಇಲ್ಲವೋ, ಇನ್ಸರ್ಟ್ ಬದಲಿಸಿದ ಮೇಲೆ ಮೊದಲ ಪೀಸನ್ನು ಅವನಿಂದ ಅಳೆಸುತ್ತಾರೋ ಇಲ್ಲವೋ ಎಂಬುದರ ಮೇಲೆ ಅವನು ವರ್ಷದ ಕೊನೆಗೆ ಸೆಟ್ಟರ್ (ಮೆಷಿನ್ ಅಣಿಗೊಳಿಸುವವನು) ಆಗುವ ದಾರಿಯಲ್ಲಿದ್ದಾನೋ ಬಟನ್ ಒತ್ತುವವನಾಗಿಯೇ ಉಳಿಯುತ್ತಾನೋ ತಿಳಿಯುತ್ತದೆ. ಮೂರು ತಿಂಗಳಾದರೂ ಆಫ್‌ಸೆಟ್ ಮುಟ್ಟಿಲ್ಲ, ಡ್ರಾಯಿಂಗ್ ಕೈಗೆ ಕೊಟ್ಟಿಲ್ಲ ಎಂದರೆ ವಿಭಾಗ ಬದಲಿಸಿ ಎಂದು ಕೇಳುವುದು ಹಕ್ಕು. ಕರಾರಿನಲ್ಲಿ ಇರುವುದು ಟ್ರೇಡ್ ಕಲಿಸುತ್ತೇವೆ ಎಂಬ ಮಾತು.

ಕೇಳಲು ಆಧಾರ ಬೇಕಲ್ಲ, ಅದಕ್ಕೆ ದಿನಚರಿ ಪುಸ್ತಕವಿದೆ. ಅಪ್ರೆಂಟಿಸ್ ಪ್ರತಿದಿನ ಮಾಡಿದ ಕೆಲಸವನ್ನು ಬರೆದಿಡಬೇಕು ಎಂಬುದು ನಿಯಮ. ಹೆಚ್ಚಿನವರು ಪರೀಕ್ಷೆ ಬಂದಾಗ ಒಂದೇ ರಾತ್ರಿ, ಒಂದೇ ಪೆನ್ನಿನಲ್ಲಿ ವರ್ಷ ಪೂರ್ತಿ ಬರೆಯುತ್ತಾರೆ. ದಿನವೂ ಮೂರೇ ಸಾಲು ಬರೆದರೂ ಸಾಕು: ಯಾವ ಮೆಷಿನ್, ಯಾವ ಜಾಬ್, ಯಾವ ಅಳತೆ ತಪ್ಪಿತು, ಏನು ಮಾಡಿದೆ. ವಾರಕ್ಕೊಮ್ಮೆ ಸೂಪರ್‌ವೈಸರ್ ಸಹಿ. ಮುಂದಿನ ಇಂಟರ್‌ವ್ಯೂನಲ್ಲಿ ಟೂಲ್ ರೂಮ್ ಇನ್‌ಚಾರ್ಜ್ ಆ ಪುಸ್ತಕ ತಿರುವಿ ನೋಡಿದರೆ ಸರ್ಟಿಫಿಕೇಟಿಗಿಂತ ಹೆಚ್ಚು ಮಾತಾಡುತ್ತದೆ.

ಸರ್ಟಿಫಿಕೇಟ್, ದೂರು

ನಿಗದಿತ ಟ್ರೇಡಿನವರು ಅವಧಿ ಮುಗಿಸಿ ಅಖಿಲ ಭಾರತ ಟ್ರೇಡ್ ಪರೀಕ್ಷೆ ಬರೆದು ಪಾಸಾದರೆ ರಾಷ್ಟ್ರೀಯ ಅಪ್ರೆಂಟಿಸ್ ಪ್ರಮಾಣಪತ್ರ ಬರುತ್ತದೆ. ಪಾಸಾದವರನ್ನು ಕಂಪನಿ ಕೆಲಸಕ್ಕೆ ತೆಗೆದುಕೊಳ್ಳಲೇಬೇಕೆಂದೇನಿಲ್ಲ. ತನ್ನದೇ ನೇಮಕಾತಿ ನೀತಿ ಮಾಡಿಕೊಳ್ಳಬೇಕು ಎಂದಷ್ಟೇ ಕಾಯ್ದೆ ಹೇಳುತ್ತದೆ. ‘ಮುಗಿದ ಮೇಲೆ ಪರ್ಮನೆಂಟ್’ ಎಂಬ ಬಾಯಿಮಾತನ್ನು ಲೆಕ್ಕಕ್ಕಿಡಬೇಡಿ. ರೈಲ್ವೆಯಲ್ಲಿ ಮಾತ್ರ ಇದಕ್ಕೆ ಗಟ್ಟಿ ಬೆಲೆಯಿದೆ: ರೈಲ್ವೆ ಘಟಕಗಳಲ್ಲಿ ಅಪ್ರೆಂಟಿಸ್ ಮುಗಿಸಿ ಪ್ರಮಾಣಪತ್ರ ಪಡೆದವರಿಗೆ ಲೆವೆಲ್-1 (ಅತಿ ಕೆಳ ಹಂತದ) ಹುದ್ದೆಗಳಲ್ಲಿ ಶೇ 20 ಮೀಸಲು. ನೈರುತ್ಯ ರೈಲ್ವೆಯ ಹುಬ್ಬಳ್ಳಿ ಮತ್ತು ಮೈಸೂರು ವರ್ಕ್‌ಶಾಪ್‌ಗಳಿಗೆ ಆಯ್ಕೆ ಎಸ್‌ಎಸ್‌ಎಲ್‌ಸಿ ಮತ್ತು ಐಟಿಐ ಅಂಕಗಳ ಸರಾಸರಿ ಮೇಲೆ ನಡೆಯುತ್ತದೆ. ಲಿಖಿತ ಪರೀಕ್ಷೆ ಇಲ್ಲ. ಎಚ್‌ಎಎಲ್, ಬಿಇಎಲ್, ಬಿಇಎಂಎಲ್ ಕೂಡ ತೆಗೆದುಕೊಳ್ಳುತ್ತವೆ. ಇಲ್ಲೊಂದು ಎಚ್ಚರಿಕೆ ಇದೆ: ಇಂಥ ಪ್ರಕಟಣೆಗಳಲ್ಲಿ ‘ಈಗಾಗಲೇ ಅಪ್ರೆಂಟಿಸ್ ಮಾಡಿದವರು, ಮಾಡುತ್ತಿರುವವರು ಅರ್ಹರಲ್ಲ’ ಎಂಬ ಸಾಲು ಸಾಮಾನ್ಯ. ಅಂಕ ಚೆನ್ನಾಗಿರುವ ಹುಡುಗ ಅವಸರಕ್ಕೆ ಯಾವುದೋ ಶೆಡ್ಡಿನಲ್ಲಿ ಕರಾರು ನೋಂದಾಯಿಸಿಕೊಂಡರೆ ರೈಲ್ವೆಯ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ.

ದೂರು ಎಲ್ಲಿಗೆ? ಖಾಸಗಿ ಕಂಪನಿ, ರಾಜ್ಯದ ನಿಗಮಗಳಾದರೆ ಕೈಗಾರಿಕಾ ತರಬೇತಿ ಮತ್ತು ಉದ್ಯೋಗ ಇಲಾಖೆಗೆ. ಕೇಂದ್ರದ ಸಾರ್ವಜನಿಕ ಉದ್ಯಮ, ಅಥವಾ ನಾಲ್ಕು ಇಲ್ಲವೇ ಹೆಚ್ಚು ರಾಜ್ಯಗಳಲ್ಲಿ ಘಟಕಗಳಿರುವ ಕಂಪನಿ ಆದರೆ ಕೇಂದ್ರ ಸರ್ಕಾರದ ಪ್ರಾದೇಶಿಕ ನಿರ್ದೇಶನಾಲಯಕ್ಕೆ. ದೊಡ್ಡ ಬ್ರ್ಯಾಂಡ್‌ನ ಕಾರ್ಖಾನೆ ಬಗ್ಗೆ ಜಿಲ್ಲಾ ಕಚೇರಿಗೆ ಅಲೆದು ‘ನಮಗೆ ಬರಲ್ಲ’ ಎನಿಸಿಕೊಳ್ಳುವುದು ಈ ವ್ಯತ್ಯಾಸ ಗೊತ್ತಿಲ್ಲದೆ. ಕರಾರಿನ ಮೇಲಿನ ಜಗಳ ತೀರ್ಮಾನಿಸುವವರು ಅಪ್ರೆಂಟಿಸ್‌ಶಿಪ್ ಸಲಹೆಗಾರರು, ಅವರ ತೀರ್ಪು ಒಪ್ಪದಿದ್ದರೆ 30 ದಿನದೊಳಗೆ ಅಪ್ರೆಂಟಿಸ್‌ಶಿಪ್ ಮಂಡಳಿಗೆ ಮೇಲ್ಮನವಿ. ಅರ್ಜಿಯಲ್ಲಿ ಕಥೆ ಬರೆಯುವುದಕ್ಕಿಂತ ಕರಾರಿನ ಸಂಖ್ಯೆ, ಸ್ಟೈಪೆಂಡ್ ಬಾರದ ತಿಂಗಳುಗಳು, ಬ್ಯಾಂಕ್ ಸ್ಟೇಟ್‌ಮೆಂಟ್ ಹಚ್ಚಿದರೆ ಕಡತ ಮುಂದಕ್ಕೆ ಸಾಗುತ್ತದೆ.

ಕೊನೆಯ ತಿಂಗಳಲ್ಲಿ ಗೇಟ್ ಪಾಸ್ ವಾಪಸ್ ಕೊಡುವ ಮೊದಲು ಎಚ್‌ಆರ್ ಮೇಜಿನ ಮುಂದೆ ನಿಂತೇ ಮೂರು ಕೆಲಸ ಮುಗಿಸಿಕೊಳ್ಳಿ: ಪೋರ್ಟಲ್‌ನಲ್ಲಿ ಕರಾರು ‘ಪೂರ್ಣ’ ಎಂದು ದಾಖಲಾಗಿದೆಯೇ, ಟ್ರೇಡ್ ಪರೀಕ್ಷೆಯ ಅರ್ಹರ ಪಟ್ಟಿಗೆ ಹೆಸರು ಹೋಗಿದೆಯೇ, ದಿನಚರಿಯ ಕೊನೆಯ ಪುಟಕ್ಕೆ ಸೀಲು ಬಿದ್ದಿದೆಯೇ. ಊರಿಗೆ ಹೋದ ಮೇಲೆ ಫೋನಿನಲ್ಲಿ ಇವು ಮೂರೂ ಆಗುವುದಿಲ್ಲ.